ಹಗ್ಗದ ಹಾದಿ: ಕೆನೆಟ್–ಏವನ್ ಕಾಲುವೆಯ ದಡದಲ್ಲಿ

ಕಾಲುವೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಬತ್ತದ ಗದ್ದೆ, ತೂಬು, ಸರದಿಯ ನೀರಿಗೆ ಕಾಯುವ ರೈತ, ಗುದ್ದಲಿ ಹಿಡಿದ ನೀರಗಂಟಿ. ಈ ಚಿತ್ರವನ್ನು ಸ್ವಲ್ಪ ಹೊತ್ತು ಬದಿಗಿರಿಸಬೇಕೆಂದು ಕೇಳುಗರಲ್ಲಿ ನನ್ನ ವಿಜ್ಞಾಪನೆ. ಇಂದು ನಾನು ಹೇಳಲಿರುವ ಇಂಗ್ಲೆಂಡಿನ ಕಾಲುವೆಯನ್ನು ಗದ್ದೆಗೆ ನೀರುಣಿಸುವುದಕ್ಕಾಗಿ ತೋಡಲಿಲ್ಲ. ಅದರ ನೀರು ಹರಿಯುವುದೇ ಇಲ್ಲವೆನ್ನಬಹುದು, ಮಟ್ಟಸವಾಗಿ ನಿಂತಿರುತ್ತದೆ. ಹರಿಯುತ್ತಿದ್ದುದು ಅದರ ಮೇಲಣ ಸರಕು: ಕಲ್ಲಿದ್ದಲು, ಕಟ್ಟಡದ ಕಲ್ಲು, ಮರ, ಧಾನ್ಯ. ಅದು ನೀರಿನಿಂದ ಮಾಡಿದ ರಸ್ತೆ. ಆ ರಸ್ತೆಯ ಅಂಚಿನಲ್ಲಿ ಒಂದು ಕಾಲುದಾರಿ ಉಂಟು. ನನ್ನ ಮಾತು ಮುಖ್ಯವಾಗಿ ಆ ಕಾಲುದಾರಿಯನ್ನು ಕುರಿತದ್ದು.

ಕಾಲುದಾರಿ ಹುಟ್ಟಿದ ಕಾರಣ ಒಂದು ಸರಳವಾದ ಲೆಕ್ಕ. ಕುದುರೆಯೊಂದು ಬೆನ್ನಿನ ಮೇಲೆ ಹೊರಬಲ್ಲುದು ಕೆಲವು ಮಣ. ಗಾಡಿಗೆ ಹೂಡಿದರೆ ಒಳ್ಳೆಯ ರಸ್ತೆಯಲ್ಲಿ ಒಂದೆರಡು ಟನ್ನು ಎಳೆದೀತು. ಅದೇ ಕುದುರೆಯನ್ನು ನಿಂತ ನೀರಿನ ಮೇಲಣ ದೋಣಿಗೆ ಹಗ್ಗದಿಂದ ಕಟ್ಟಿದರೆ 25–30 ಟನ್ನುಗಳನ್ನು ಆಯಾಸವಿಲ್ಲದೆ ಎಳೆಯುತ್ತದೆ. ಬ್ರಿಜ್‌ವಾಟರಿನ ಡ್ಯೂಕನು ತನ್ನ ಗಣಿಯಿಂದ ಮ್ಯಾಂಚೆಸ್ಟರಿನ ಕಡೆಗೆ 1761ರಲ್ಲಿ ಕಾಲುವೆಯನ್ನು ತೆರೆದಾಗ ಆ ಊರಿನಲ್ಲಿ ಕಲ್ಲಿದ್ದಲಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಆಮೇಲೆ ದೇಶದಲ್ಲೆಲ್ಲ ಕಾಲುವೆಯ ಹುಚ್ಚು ಹರಡಿತು. ದೋಣಿಗೆ ನೀರು ಬೇಕು. ದೋಣಿಯನ್ನೆಳೆಯುವ ಕುದುರೆಗೆ ನೆಲ ಬೇಕು. ಆದುದರಿಂದ ಕಾಲುವೆಯ ಉದ್ದಕ್ಕೂ ಒಂದು ದಡದಲ್ಲಿ ಕುದುರೆ ನಡೆಯುವಷ್ಟು ಅಗಲವಾದ ದಾರಿಯನ್ನು ಬಿಟ್ಟರು. ಇಂಗ್ಲಿಷರು ಅದನ್ನು ಟೋಪಾತ್ ಎನ್ನುವರು. ನಾವು ಹಗ್ಗದ ಹಾದಿ ಎನ್ನೋಣ.

ಹಗ್ಗದ ಹಾದಿ ಎನ್ನುವುದಕ್ಕೆ ಕಣ್ಣಿಗೆ ಕಾಣುವ ಪ್ರಮಾಣವೂ ಉಂಟು. ಹಳೆಯ ಕಾಲುವೆಗಳ ಸೇತುವೆಯ ಕೆಳಗೆ ಹಾದುಹೋಗುವಾಗ ಮೂಲೆಯ ಕಲ್ಲನ್ನೋ ಅದಕ್ಕೆ ಹೊದಿಸಿದ ಕಬ್ಬಿಣದ ಪಟ್ಟಿಯನ್ನೋ ಕೈಯಿಂದ ಮುಟ್ಟಿ ನೋಡಬೇಕು. ನಮ್ಮ ಹಳೆಯ ಬಾವಿಗಳ ಕಟ್ಟೆಯ ಮೇಲೆ ಸೇದುವ ಹಗ್ಗ ಕೊರೆದಿರುವಂತೆಯೇ ಅಲ್ಲಿಯೂ ಬೆರಳು ಹುದುಗುವಷ್ಟು ಆಳವಾದ ಗೀರುಗಳಿರುತ್ತವೆ. ಮಣ್ಣು ಮರಳು ಹತ್ತಿದ ಒದ್ದೆಯ ಹಗ್ಗ ತಲೆಮಾರುಗಳ ಕಾಲ ಒಂದೇ ಜಾಗದಲ್ಲಿ ಉಜ್ಜಿದರೆ ಕಬ್ಬಿಣವೂ ಸವೆಯುತ್ತದೆ.

ಇಂತಹ ಕಾಲುವೆಗಳಲ್ಲಿ ಕೆನೆಟ್–ಏವನ್ ಎಂಬುದು ನಡೆಯುವವರಿಗೂ ಬೈಸಿಕಲ್ಲಿನವರಿಗೂ ಬಹಳ ಪ್ರಿಯವಾದದ್ದು. ರೆಡಿಂಗ್ ಪಟ್ಟಣದಿಂದ ಬ್ರಿಸ್ಟಲ್‌ವರೆಗೆ ಈ ಜಲಮಾರ್ಗದ ಉದ್ದ 87 ಮೈಲಿ. ಎರಡು ಕೊನೆಗಳಲ್ಲಿ ಕೆನೆಟ್ ಮತ್ತು ಏವನ್ ನದಿಗಳನ್ನೇ ದೋಣಿ ನಡೆಯುವಂತೆ ಮೊದಲೇ ತಿದ್ದಿದ್ದರು. ನಡುವೆ ನ್ಯೂಬರಿಯಿಂದ ಬಾತ್ ನಗರದವರೆಗಿನ 57 ಮೈಲಿಯನ್ನು ತೋಡಲು 1794ರಲ್ಲಿ ಪಾರ್ಲಿಮೆಂಟು ಅನುಮತಿಯಿತ್ತಿತು. ಜಾನ್ ರೆನ್ನಿ ಎಂಬ ಇಂಜಿನಿಯರನ ನೇತೃತ್ವದಲ್ಲಿ ಕೆಲಸ 1810ರಲ್ಲಿ ಮುಗಿಯಿತು. ಮೂವತ್ತೊಂದು ವರ್ಷ ಕಳೆಯುವಷ್ಟರಲ್ಲಿ, 1841ರಲ್ಲಿ, ಲಂಡನ್ನಿನಿಂದ ಬ್ರಿಸ್ಟಲ್ಲಿಗೆ ಗ್ರೇಟ್ ವೆಸ್ಟರ್ನ್ ರೈಲು ಓಡಿತು. 1852ರಲ್ಲಿ ಆ ರೈಲು ಕಂಪನಿಯೇ ಕಾಲುವೆಯನ್ನು ಕೊಂಡುಕೊಂಡಿತು. ಸ್ಪರ್ಧಿಯನ್ನು ಕೊಂಡವನು ಅವನನ್ನು ಪೋಷಿಸುವನೆಂದು ಯಾರೂ ನಿರೀಕ್ಷಿಸಲಾರರಷ್ಟೆ.

ಬಾತ್ ನಗರದಿಂದ ಹೊರಡೋಣ. ಸಿಡ್ನಿ ಗಾರ್ಡನ್ಸ್ ಎಂಬ ಉದ್ಯಾನದ ನಡುವೆಯೇ ಕಾಲುವೆ ಹಾದುಹೋಗುತ್ತದೆ. ಅದರ ಮೇಲೆ 1800ರ ಎರಕದ ಕಬ್ಬಿಣದ ಸೇತುವೆಗಳು, ನೋಡಲು ಬಲು ಸುಂದರ. ಅಲ್ಲಿಯೇ ಕಾಲುವೆಯ ಮೇಲೆ ಅಡ್ಡಲಾಗಿ ಕ್ಲೀವ್‌ಲೆಂಡ್ ಹೌಸ್ ಎಂಬ ಮನೆಯುಂಟು; ಅದು ಕಾಲುವೆ ಕಂಪನಿಯ ಕಚೇರಿಯಾಗಿತ್ತು. ಕೆಳಗಣ ಸುರಂಗದ ಚಾವಣಿಯಲ್ಲಿ ಒಂದು ಕಂಡಿ ಇದೆ. ಮೇಲೆ ಕುಳಿತ ಗುಮಾಸ್ತರೂ ಕೆಳಗೆ ದೋಣಿಯಲ್ಲಿದ್ದ ಅಂಬಿಗರೂ ಕಾಗದಪತ್ರಗಳನ್ನು ಅದರ ಮೂಲಕ ಕೊಟ್ಟು ತೆಗೆದುಕೊಳ್ಳುತ್ತಿದ್ದರೆಂದು ಹೇಳುವರು. ಕುರ್ಚಿಯಿಂದ ಏಳದೆ ಕೆಲಸ ನಡೆಸುವ ಉಪಾಯದಲ್ಲಿ ಎಲ್ಲ ದೇಶದ ಕಚೇರಿಗಳೂ ಒಂದೇ.

ಊರು ಬಿಟ್ಟರೆ ಬ್ರಾಡ್‌ಫರ್ಡ್ ಆನ್ ಏವನ್‌ವರೆಗೆ ಒಂಬತ್ತು ಮೈಲಿ ಕಾಲುವೆಗೆ ಏರಿಳಿತವೇ ಇಲ್ಲ. ಕೆಳಗೆ ಕಣಿವೆಯಲ್ಲಿ ಏವನ್ ನದಿ, ಅದರ ಪಕ್ಕದಲ್ಲಿ ರೈಲು, ಮೇಲೆ ಗುಡ್ಡದ ಸೊಂಟಕ್ಕೆ ಡಾಬು ಕಟ್ಟಿದಂತೆ ಕಾಲುವೆ. ನೀರಿನ ಮಟ್ಟ ಕಾಯ್ದುಕೊಳ್ಳಬೇಕಾದುದರಿಂದ ಅದು ಬೆಟ್ಟದ ತಿರುವುಗಳನ್ನೆಲ್ಲ ಅನುಸರಿಸುತ್ತದೆ. ನಡೆಯುವವನಿಗೆ ಪ್ರತಿ ತಿರುವಿನಲ್ಲಿಯೂ ಹೊಸ ನೋಟ. ನೀರಿನಂಚಿನಲ್ಲಿ ಬೂದುಬಣ್ಣದ ಬಕ ನಿಂತಿರುತ್ತದೆ. ಜೊಂಡಿನಿಂದ ನೀರುಕೋಳಿ ಹೊರಬರುತ್ತದೆ. ಅದೃಷ್ಟವಿದ್ದರೆ ಮಿಂಚುಳ್ಳಿಯ ನೀಲಿ ಒಂದು ಕ್ಷಣ ಹೊಳೆದು ಮಾಯವಾಗುತ್ತದೆ. ಕ್ಲಾವರ್ಟನ್ ಎಂಬಲ್ಲಿ 1813ರಿಂದ ಕೆಲಸ ಮಾಡಿದ ಒಂದು ಯಂತ್ರಶಾಲೆಯುಂಟು. ನದಿಯ ನೀರು ಒಂದು ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಅದೇ ನದಿಯ ನೀರನ್ನು 48 ಅಡಿ ಮೇಲಕ್ಕೆತ್ತಿ ಕಾಲುವೆಗೆ ಕೊಡುತ್ತದೆ. ಸೌದೆಯಿಲ್ಲ, ಕಲ್ಲಿದ್ದಲಿಲ್ಲ. ನದಿ ತನ್ನನ್ನು ತಾನೇ ಎತ್ತಿಕೊಳ್ಳುವ ಇದಕ್ಕಿಂತ ಜಾಣತನದ ಕೆಲಸವನ್ನು ಈ ದಾರಿಯಲ್ಲಿ ಬೇರೆ ಕಾಣೆ.

ಮುಂದೆ ಕಾಲುವೆ ನದಿಯನ್ನು ದಾಟಬೇಕು. ನೀರು ನೀರನ್ನು ದಾಟುವುದು ಹೇಗೆ? ಡಂಡಾಸ್ ಎಂಬಲ್ಲಿ ರೆನ್ನಿ ಕಲ್ಲಿನ ಮೇಲ್ಗಾಲುವೆಯನ್ನು ಕಟ್ಟಿದನು. ಕಂಪನಿಯ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಡಂಡಾಸನ ಹೆಸರು ಅದಕ್ಕೆ ಬಂದಿತು. 150 ಗಜ ಉದ್ದ; ಮೂರು ಕಮಾನುಗಳು, ನಡುವಿನದು 64 ಅಡಿ ಅಗಲ; ಬಾತ್ ಪ್ರಾಂತದ ಹೊನ್ನಿನ ಬಣ್ಣದ ಕಲ್ಲು. ಕೆಳಗೆ ನದಿ, ರೈಲು. ಮೇಲೆ ದೋಣಿಗಳು, ಅವುಗಳ ಪಕ್ಕದಲ್ಲಿ ನಮ್ಮ ಹಾದಿ. ಇಂಗ್ಲೆಂಡಿನಲ್ಲಿ ಪುರಾತನ ಸ್ಮಾರಕವೆಂದು ಕಾನೂನಿನ ರಕ್ಷಣೆ ಪಡೆದ ಕಾಲುವೆಯ ಕಟ್ಟಡಗಳಲ್ಲಿ ಇದೇ ಮೊದಲನೆಯದು. ಆ ವರ್ಷ 1951. ಸ್ಮಾರಕವೆಂದು ಸಾರಿದ ಮೂರು ವರ್ಷಗಳಲ್ಲಿ ನೀರು ಸೋರುವುದು ಹೆಚ್ಚಿ ಅದನ್ನು ಮುಚ್ಚಬೇಕಾಯಿತೆಂಬುದನ್ನೂ ಹೇಳಬೇಕು. ಒಳಗೆ ಕಾಂಕ್ರೀಟು ಹೊದಿಸಿ ಮತ್ತೆ ನೀರು ಬಿಟ್ಟದ್ದು 1984ರಲ್ಲಿ.

ಇಷ್ಟು ದೂರ ಬರುವುದರೊಳಗೆ ಕೇಳುಗರ ಮನಸ್ಸಿನಲ್ಲಿ ಈ ಹಾದಿ ನಿರ್ಜನವಾದ ತಪೋವನದಂತೆ ತೋರಿರಬಹುದು. ಹಾಗೇನೂ ಇಲ್ಲ. ಬಾತ್‌ನಿಂದ ಡಿವೈಜಸ್‌ವರೆಗೆ ಇಪ್ಪತ್ತು ಮೈಲಿಗೂ ಮೇಲ್ಪಟ್ಟು ಈ ಹಾದಿ ದೇಶದ ಬೈಸಿಕಲ್ ಮಾರ್ಗಗಳಲ್ಲಿ ನಾಲ್ಕನೆಯದರ ಒಂದು ಭಾಗ. ಬೆಳಗ್ಗೆ ಕೆಲಸಕ್ಕೆ ಹೋಗುವವರು, ಸಂಜೆ ಹಿಂದಿರುಗುವವರು, ರಜೆಯ ದಿನ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಬರುವ ತಂದೆತಾಯಿಗಳು, ಗಡಿಯಾರ ನೋಡುತ್ತ ತಲೆ ಬಗ್ಗಿಸಿ ತುಳಿಯುವ ತರುಣರು, ಎಲ್ಲರ ಬೈಸಿಕಲ್ಲುಗಳೂ ಇಲ್ಲಿ ಓಡುತ್ತವೆ. ಅದೇ ಹಾದಿಯಲ್ಲಿ ಕೋಲೂರಿ ನಡೆಯುವ ಮುದುಕರಿರುವರು, ಗಾಳ ಹಾಕಿ ಕುಳಿತವರಿರುವರು, ನಾಯಿಗಳಂತೂ ಅಸಂಖ್ಯ. ದಡಕ್ಕೆ ಕಟ್ಟಿದ ನೀಳ ದೋಣಿಗಳಲ್ಲಿ ವರ್ಷವೆಲ್ಲ ವಾಸಿಸುವ ಸಂಸಾರಗಳೂ ಉಂಟು. ಸ್ವಂತ ತಂಗುದಾಣವಿಲ್ಲದ ದೋಣಿ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲಬಾರದೆಂದು 1995ರ ಕಾನೂನು ಸಾಮಾನ್ಯವಾಗಿ ವಿಧಿಸುತ್ತದೆ. ಆದುದರಿಂದ ಅವರ ಮನೆ ಸಾಗುತ್ತಲೇ ಇರುತ್ತದೆ. ಅವರಿಗೆ ಈ ಹಾದಿಯೇ ಜಗಲಿ, ಇದೇ ಅಂಗಳ. ಚಳಿಗಾಲದ ಸೌದೆಯನ್ನು ಒಡೆಯುವುದು ಇಲ್ಲಿ, ಬಟ್ಟೆ ಹರವುವುದು ಇಲ್ಲಿ.

ಇಲ್ಲಿ ಜಗಳವೂ ಹುಟ್ಟುತ್ತದೆ. ಹಿಂದೆ ಕಾಲುವೆಯ ಅಧಿಕಾರಿಗಳು ಬೈಸಿಕಲ್ಲಿಗೆ ಪರವಾನಗಿಯ ಚೀಟಿ ಬೇಕೆನ್ನುತ್ತಿದ್ದರು. ಈಗ ಅದು ಬೇಕಾಗಿಲ್ಲ. ಇಂಗ್ಲೆಂಡಿನ ಹಗ್ಗದ ಹಾದಿಗಳಲ್ಲಿ ಬಹುಭಾಗ ಕಾನೂನಿನ ದೃಷ್ಟಿಯಲ್ಲಿ ಸಾರ್ವಜನಿಕರ ಹಕ್ಕಿನ ದಾರಿಯೇ ಅಲ್ಲ. ಒಡೆಯರ ಒಪ್ಪಿಗೆಯಿಂದ ಜನ ನಡೆಯುತ್ತಾರೆ. ಹಾದಿ ಕಿರಿದು, ಒಂದು ಕಡೆ ಬೇಲಿ, ಇನ್ನೊಂದು ಕಡೆ ನೀರು. ಸೇತುವೆಯ ಕಮಾನಿನ ಕೆಳಗಂತೂ ಎದುರಿನಿಂದ ಬರುವವರು ಕಾಣುವುದೇ ಇಲ್ಲ. ಹಾದಿಯನ್ನು ಅಗಲಮಾಡಿ ನುಣ್ಣಗೆ ಮಾಡಬೇಕೆಂದು ಬೈಸಿಕಲ್ಲಿನವರಲ್ಲಿ ಕೆಲವರು ಕೇಳುವರು. ನುಣ್ಣಗಾದಷ್ಟೂ ವೇಗ ಹೆಚ್ಚುವುದೆಂದು ಪಾದಚಾರಿಗಳು ದೂರುವರು. ಎರಡು ಮಾತೂ ನಿಜ. ನನ್ನ ಅಭಿಪ್ರಾಯವನ್ನು ಮರೆಮಾಚುವುದಿಲ್ಲ: ಬೈಸಿಕಲ್ಲನ್ನು ಇಲ್ಲಿಂದ ಹೊರಗಿಡುವುದು ಅನ್ಯಾಯ, ಮೋಟಾರುಗಳ ನಡುವೆ ಜೀವವನ್ನು ಪಣವಿಡದೆ ಮಗುವೊಂದು ಬೈಸಿಕಲ್ ಕಲಿಯಬಹುದಾದ ಮಟ್ಟಸ ದಾರಿ ಬೇರೆಲ್ಲಿ ಸಿಗಬೇಕು? ಆದರೆ ಈ ಹಾದಿಯ ಅಳತೆಯನ್ನು ಮೊದಲು ಇಟ್ಟದ್ದು ಗಂಟೆಗೆ ಎರಡು ಮೂರು ಮೈಲಿ ಸಾಗುವ, ಹೊರೆಯೆಳೆಯುವ ಕುದುರೆ. ಇಂದಿಗೂ ದೋಣಿಗಳು ಗಂಟೆಗೆ 4 ಮೈಲಿ ಮೀರಕೂಡದು. ಮನೆಬಾಗಿಲಲ್ಲಿ ಕುಳಿತವರ ಮುಂದೆ ಹಾದುಹೋಗುವಾಗ ಇಳಿದು ನಡೆಸಿಕೊಂಡು ಹೋಗುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇದ್ದುದನ್ನು ಹಿರಿಯರು ಬಲ್ಲರು. ಅಷ್ಟು ಬೇಡ, ಗಂಟೆ ಬಾರಿಸಿ, ನಿಧಾನಿಸಿ, ನಡೆಯುವವನು ಬದಿಗೆ ಸರಿಯುವವರೆಗೆ ಕಾದರೆ ಸಾಕು. ಹಾದಿಯನ್ನು ಹೆದ್ದಾರಿಯಾಗಿ ಮಾಡಿ ಜಗಳ ತೀರಿಸಬಹುದು. ಆದರೆ ಆಗ ಬಕ ಬಾರದು, ಗಾಳ ಹಿಡಿದವನೂ ಬಾರನು.

ಡಿವೈಜಸ್ ಊರಿನ ಬುಡಕ್ಕೆ ಬಂದಾಗ ಬೈಸಿಕಲ್ಲಿನವರೂ ತಾವಾಗಿಯೇ ಇಳಿಯುವುದುಂಟು, ಉಸಿರಿಗಾಗಿ ಅಷ್ಟೇ ಅಲ್ಲ, ನೋಟಕ್ಕಾಗಿಯೂ. ಅಲ್ಲಿ ಕಾಲುವೆ ಬೆಟ್ಟ ಹತ್ತಬೇಕು. ಎರಡು ಮೈಲಿಯಲ್ಲಿ 237 ಅಡಿ ಏರು. ಅದಕ್ಕಾಗಿ 29 ಲಾಕುಗಳು. ಲಾಕೆಂದರೆ ನೀರಿನ ಮೆಟ್ಟಿಲು. ಎರಡು ತುದಿಗಳಲ್ಲಿಯೂ ದೊಡ್ಡ ಮರದ ಬಾಗಿಲುಗಳಿರುವ ಒಂದು ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಕೆಳಬಾಗಿಲನ್ನು ಮುಚ್ಚಿ ಮೇಲಿನಿಂದ ನೀರು ಬಿಟ್ಟರೆ ತೊಟ್ಟಿ ತುಂಬಿ ದೋಣಿ ಸುಮಾರು ಎಂಟಡಿ ಮೇಲಕ್ಕೇಳುತ್ತದೆ. ಮೇಲುಬಾಗಿಲನ್ನು ತೆರೆದು ಮುಂದೆ ಸಾಗುತ್ತದೆ. ಕೇನ್ ಹಿಲ್ ಎಂಬ ಗುಡ್ಡದ ಮೈಮೇಲೆ ಇವುಗಳಲ್ಲಿ 16 ಒಂದೇ ಸರಳರೇಖೆಯಲ್ಲಿ ಮೇಲಕ್ಕೆ ಹೋಗುತ್ತವೆ. ಕೆಳಗೆ ನಿಂತು ನೋಡಿದರೆ ಬೆಟ್ಟಕ್ಕೆ ಏಣಿ ಹಾಕಿದಂತೆ. ಮೆಟ್ಟಿಲುಗಳು ತೀರ ಒತ್ತಾಗಿರುವುದರಿಂದ ನಡುವೆ ನೀರು ಶೇಖರಿಸಲು ಸ್ಥಳವಿಲ್ಲ. ಆದುದರಿಂದ ಪ್ರತಿಯೊಂದರ ಪಕ್ಕಕ್ಕೂ ಒಂದು ಕೊಳವನ್ನು ತೋಡಿರುವರು. ಇಡೀ ಕಾಲುವೆಯಲ್ಲಿ ಕಡೆಗೆ ಮುಗಿದದ್ದು ಈ ಭಾಗವೇ. ಅದುವರೆಗೆ ಸರಕನ್ನು ಇಳಿಸಿ, ಹಳಿಗಳ ಮೇಲೆ ಕುದುರೆಗಳಿಂದ ಎಳೆಯಿಸಿ ಬೆಟ್ಟ ಹತ್ತಿಸುತ್ತಿದ್ದರು. 1829ರಿಂದ 1843ರವರೆಗೆ ರಾತ್ರಿಯೂ ದೋಣಿಗಳು ಸಾಗಲೆಂದು ಇಲ್ಲಿ ಅನಿಲದ ದೀಪಗಳನ್ನು ಉರಿಸಿದರು. ದೋಣಿಗೆ ಈ ಏರು ಐದಾರು ಗಂಟೆಗಳ ಕೆಲಸ. ನಡೆಯುವವನಿಗೆ ಮುಕ್ಕಾಲು ಗಂಟೆ. ನಿಧಾನಗತಿಯವನು ಇನ್ನೂ ನಿಧಾನದವನನ್ನು ಹಿಂದೆ ಹಾಕುವ ಸುಖ ಇಲ್ಲಿ ಲಭ್ಯ.

ಈ ಮೆಟ್ಟಿಲುಗಳು ಒಮ್ಮೆ ಹಾಳುಬಿದ್ದಿದ್ದುವು. ಕಳೆದ ಶತಮಾನದ ನಡುವಿನಲ್ಲಿ ಬಾಗಿಲುಗಳು ಕೊಳೆತು, ತೊಟ್ಟಿಗಳಲ್ಲಿ ಗಿಡ ಬೆಳೆದು, ಕಾಲುವೆಯ ಕೆಲವು ಭಾಗಗಳು ಒಣಗಿಹೋದುವು. ಮುಚ್ಚಿಬಿಡುವ ಮಾತು ಬಂದಾಗ 20 ಸಾವಿರಕ್ಕೆ ಕಡಮೆಯಿಲ್ಲದ ಜನ ಬಿನ್ನಹಕ್ಕೆ ಸಹಿ ಹಾಕಿದರು; 1956ರಲ್ಲಿ ಆ ಬಿನ್ನಹವನ್ನು ಲಂಡನ್ನಿಗೆ ನೀರಿನ ಮಾರ್ಗದಲ್ಲಿಯೇ ಒಯ್ದರು. ವಾದಕ್ಕಿಂತ ಒಯ್ದ ರೀತಿಯೇ ಹೆಚ್ಚಿನ ವಾದವಾಯಿತೆನ್ನಬೇಕು. 1962ರಲ್ಲಿ ಕೆನೆಟ್–ಏವನ್ ಕಾಲುವೆಯ ಟ್ರಸ್ಟು ಸ್ಥಾಪಿತವಾಯಿತು. ಅಧ್ಯಾಪಕರು, ಗುಮಾಸ್ತರು, ನಿವೃತ್ತರು ವಾರದ ರಜೆಯಲ್ಲಿ ಗುದ್ದಲಿ ಹಿಡಿದು ಹೂಳೆತ್ತಿದರು. ದಶಕಗಳ ಕೆಲಸದ ಮೇಲೆ 1990ನೆಯ ಆಗಸ್ಟ್ 8ರಂದು ಎಲಿಜಬೆತ್ ರಾಣಿಯವರು ಕೇನ್ ಹಿಲ್ಲಿನಲ್ಲಿಯೇ ಕಾಲುವೆಯನ್ನು ಪುನಃ ತೆರೆದರು. ನೀರಿನ ಕೊರತೆ ನೀಗಲೆಂದು ದಿನಕ್ಕೆ 70 ಲಕ್ಷ ಗ್ಯಾಲನ್ ನೀರನ್ನು ಬುಡದಿಂದ ತುದಿಗೆ ಹಿಂದಿರುಗಿಸಬಲ್ಲ ಪಂಪನ್ನು 1996ರಲ್ಲಿ ಇರಿಸಿದರು.

ಡಿವೈಜಸ್ಸಿನಿಂದಾಚೆ 15 ಮೈಲಿ ಮತ್ತೆ ಮಟ್ಟಸ. ಜನ ವಿರಳ, ಬಯಲು ವಿಶಾಲ. ದೂರದ ದಿಣ್ಣೆಯ ಮೇಲೆ ಹುಲ್ಲು ಕೆತ್ತಿ ಸುಣ್ಣಗಲ್ಲಿನಲ್ಲಿ ಮೂಡಿಸಿದ ಬಿಳಿಯ ಕುದುರೆಯೊಂದು ಕಾಣುತ್ತದೆ, 1812ರದು. ಮುಂದಕ್ಕೆ ಕಾಲುವೆಯ ದಡದಲ್ಲಿ ಅಲ್ಲಲ್ಲಿ ಕಾಂಕ್ರೀಟಿನ ಗೂಡುಗಳು ಕಂಡುಬರುತ್ತವೆ. 1940ರಲ್ಲಿ ಜರ್ಮನರು ಬಂದಿಳಿದರೆ ತಡೆಯಲು ಕಾಲುವೆಯನ್ನೇ ಕಂದಕವಾಗಿ ಎಣಿಸಿ ಕಟ್ಟಿದವು. ಈಗ ಅವುಗಳ ಮೇಲೆ ಬಳ್ಳಿ ಹಬ್ಬಿದೆ.

ಅದರಾಚೆ ಬ್ರೂಸ್ ಸುರಂಗ, 502 ಗಜ. ಈ ಭೂಮಿಯ ಒಡೆಯನಾದ ಏಲ್ಸ್‌ಬರಿಯ ಅರ್ಲ್ ಥಾಮಸ್ ಬ್ರೂಸನು ತನ್ನ ನೆಲವನ್ನು ಆಳವಾಗಿ ಸೀಳಲು ಒಪ್ಪದ್ದರಿಂದ ಅಡಿಯಲ್ಲಿ ಕೊರೆಯಬೇಕಾಯಿತು. ಒಳಗೆ ಹಾದಿಯಿಲ್ಲ. ದೋಣಿಯವರು ಗೋಡೆಗೆ ಬಿಗಿದ ಸರಪಳಿಯನ್ನು ಕೈಯಿಂದ ಹಿಡಿದೆಳೆದು ಕತ್ತಲಲ್ಲಿ ದೋಣಿಯನ್ನು ಸಾಗಿಸುತ್ತಿದ್ದರು. ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿನಿಂದ ನಡೆಸಿಕೊಂಡು ಹೋಗುತ್ತಿದ್ದರು. ನಡೆಯುವವನೂ ಬೈಸಿಕಲ್ಲಿನವನೂ ಇಂದಿಗೂ ಕುದುರೆಯ ಹಾಗೆಯೇ ಗುಡ್ಡ ಹತ್ತಿ ಇಳಿಯಬೇಕು. ಇಳಿದ ಕಡೆ ಕ್ರಾಫ್ಟನ್. ಕಾಲುವೆಯ ಶಿಖರಕ್ಕೆ ನೀರನ್ನು 40 ಅಡಿ ಎತ್ತುವುದಕ್ಕಾಗಿ ಬೋಲ್ಟನ್ ಮತ್ತು ವಾಟ್ ಅವರ 1812ರ ಉಗಿಯಂತ್ರ ಅಲ್ಲಿ ತನ್ನ ಮೊದಲ ಮನೆಯಲ್ಲಿಯೇ ಇದೆ. ದಿನದ ಕೆಲಸವನ್ನು ಈಗ ವಿದ್ಯುತ್ತು ಮಾಡುತ್ತದೆ. ವರ್ಷದ ಕೆಲವು ದಿನ ಬೆಂಕಿ ಹಾಕಿದಾಗ ಆ ಹಳೆಯ ಯಂತ್ರವೇ ಎದ್ದು ತನ್ನ ಕೆಲಸವನ್ನು ತಾನು ಮಾಡುತ್ತದೆ. ಅಲ್ಲಿಂದ ಎರಡು ಮೈಲಿಯೊಳಗೆ ಬೆಡ್ವಿನ್ ಎಂಬ ಊರು. ಕಾಲುವೆಯ ಪಕ್ಕದಲ್ಲಿಯೇ ರೈಲು ನಿಲ್ದಾಣ. ದಣಿದವರು ಅಲ್ಲಿ ರೈಲು ಹತ್ತಿ ರೆಡಿಂಗಿನ ಕಡೆಗೆ ಹೋಗಬಹುದು. ಕಾಲುವೆಯ ವ್ಯಾಪಾರವನ್ನು ಕಿತ್ತುಕೊಂಡ ರೈಲೇ ಈಗ ಅದರ ದಡಕ್ಕೆ ಜನರನ್ನು ತಂದು ಇಳಿಸುತ್ತದೆ, ಸಂಜೆ ಬಂದು ಕರೆದುಕೊಂಡು ಹೋಗುತ್ತದೆ.