ಸಿಪಾಯಿಯ ಬುತ್ತಿಪಾತ್ರೆ

ಕ್ಯಾಂಟೀನ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮೈಸೂರಿನವರ ಮನಸ್ಸು ಕಾಫಿಯ ಕಡೆಗೆ ಓಡುವುದು ಸಹಜ. ನಾನು ಈ ಹೊತ್ತು ತಮ್ಮ ಮುಂದಿಡುವ ಕ್ಯಾಂಟೀನಿನಲ್ಲಿ ಕಾಫಿಯೂ ಇಲ್ಲ, ಮಸಾಲೆದೋಸೆಯೂ ಇಲ್ಲ. ಅದು ಸಿಪಾಯಿಯ ಸೊಂಟದಲ್ಲಿ ತೂಗುವ ನೀರಿನ ಬಾಟಲಿ. ಅಮೆರಿಕದ ಸೈನಿಕರು ಅದನ್ನು ಕರೆಯುವುದು ಆ ಹೆಸರಿನಿಂದ. ಅದರ ಜೊತೆಗಾರನೆಂದರೆ ಮೆಸ್ ಟಿನ್ ಎಂಬ ಊಟದ ಪಾತ್ರೆ. ಸೈನ್ಯಕ್ಕೆ ಬೇಡವಾಗಿ ಗುಜರಿ ಅಂಗಡಿಯನ್ನು ಸೇರುವ ಈ ಎರಡು ಸಾಮಾನುಗಳು ಬೆಟ್ಟ ಹತ್ತುವವರಿಗೂ ಬಯಲಿನಲ್ಲಿ ಬಿಡಾರ ಹೂಡುವವರಿಗೂ ಎಷ್ಟರಮಟ್ಟಿಗೆ ಒದಗುವುವು ಎಂಬುದೇ ಇಂದಿನ ವಿಚಾರ.

ನಾನಿರುವುದು ಅಶೋಕಪುರದಲ್ಲಿ. ಒಂದು ಕಡೆ ರೈಲ್ವೆ ಕಾರ್ಖಾನೆ. ಪೂರ್ವಕ್ಕೆ ತಿರುಗಿದರೆ ಚಾಮುಂಡಿ ಬೆಟ್ಟ. ನಮ್ಮ ಬೀದಿಯ ನಾಲ್ವರು ಹುಡುಗರು 1,712 ಮೀಟರು ಎತ್ತರದ ಕುಮಾರಪರ್ವತಕ್ಕೆ ಹೋಗಬೇಕೆಂದು ನಿಶ್ಚಯಿಸಿ, ಅಭ್ಯಾಸಕ್ಕೆಂದು ಚಾಮುಂಡಿಯ ಸಾವಿರ ಮೆಟ್ಟಿಲುಗಳನ್ನು ಹತ್ತಲು ಹೊರಟರು. ಹಿರಿಯನೆಂಬ ಕಾರಣದಿಂದ ನಾನೂ ಜೊತೆಗೂಡಿದೆನು. ಹಿಂದಿನ ದಿನವಷ್ಟೇ ಗುಜರಿ ಅಂಗಡಿಯೊಂದರಲ್ಲಿ “ಯುದ್ಧಕಾಲದ ಅಪ್ಪಟ ಮಾಲು” ಎಂಬ ಮಾತನ್ನು ನಂಬಿ ಒಂದು ಬಾಟಲಿಯನ್ನು ಕೊಂಡಿದ್ದೆನು. ಏಳುನೂರನೆಯ ಮೆಟ್ಟಿಲಿನ ನಂದಿಯ ಬಳಿಗೆ ಬರುವಷ್ಟರಲ್ಲಿ ಬಾಟಲಿಯ ನೀರೆಲ್ಲವೂ ನನ್ನ ಷರಾಯಿಗೆ ಇಳಿದಿತ್ತು. ಈ ಭಾಷಣದ ಮೂಲ ಅಲ್ಲಿದೆ.

ಈ ಸಾಮಾನುಗಳ ಪೂರ್ವೋತ್ತರವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಬ್ರಿಟಿಷ್ ಮಾದರಿಯ ಹಳೆಯ ಮೆಸ್ ಟಿನ್ ಹುರುಳಿಕಾಯಿಯ ಬೀಜದಂತೆ ಒಂದು ಪಕ್ಕ ಬಾಗಿದ್ದಿತು. 1937ರ ಮಾದರಿಯ ಸೈನಿಕ ಸಾಮಗ್ರಿಯ ಜೊತೆಯಲ್ಲಿ ಬಳಕೆಗೆ ಬಂದದ್ದು ಒಂದರೊಳಗೊಂದು ಕೂರುವ, ಮಡಿಸುವ ತಂತಿಯ ಹಿಡಿಯುಳ್ಳ ಎರಡು ಚೌಕದ ಪಾತ್ರೆಗಳ ಜೋಡಿ. ಒಂದರಲ್ಲಿ ಅನ್ನ ಬೇಯಿಸಿ ಇನ್ನೊಂದರಲ್ಲಿ ಉಣ್ಣಬಹುದು. ಅಮೆರಿಕದವರದು ಮೊಟ್ಟೆಯಾಕಾರದ ಬಾಣಲೆ. ಅವರ ಬಾಟಲಿಯ ತಳಕ್ಕೆ ಒಂದು ಲೋಟವೂ ಅಂಟಿಕೊಂಡಂತೆ ಕೂರುವುದು. ಆ ದೇಶದ ಸಾಮಗ್ರಿ ನಮ್ಮ ಸೀಮೆಗೂ ಅಪರಿಚಿತವಲ್ಲ. ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ವಾಯುಸೇನೆಯ ವಿಮಾನಗಳನ್ನು ದುರಸ್ತಿ ಮಾಡುವ ನೆಲೆಯಾಯಿತು. ಯುದ್ಧ ಮುಗಿದ ಮೇಲೆ ದೇಶದಾದ್ಯಂತ ಮಿಕ್ಕ ಸಾಮಗ್ರಿ ಹರಾಜಿನ ಮೂಲಕ ಪೇಟೆಗೆ ಬಂದಿತು.

ಆದರೆ ಇವುಗಳ ಹೆಸರಿನಲ್ಲಿಯೂ ಗುಣದಲ್ಲಿಯೂ ನಮ್ಮ ಪಾಲು ಉಂಟು. ಬ್ರಿಟಿಷ್ ದಂಡಿನ ಅಡಿಗೆಯ ಕೊಪ್ಪರಿಗೆಗೆ ಡಿಕ್ಸಿ ಎಂದು ಹೆಸರು. ಅದು ಹಿಂದೂಸ್ಥಾನಿಯ ದೇಗ್ಚಿಯೇ ಹೊರತು ಬೇರೆಯಲ್ಲ. ಬಾಟಲಿಗೆ ಹೊದಿಸುವ ಖಾಕಿ ಬಣ್ಣದ ಉಣ್ಣೆಯ ಅಂಗಿಯನ್ನು ಅಲಂಕಾರಕ್ಕೆಂದು ಬಗೆಯಬಾರದು. ಅದನ್ನು ನೀರಿನಲ್ಲಿ ತೋಯಿಸಿದರೆ ನೀರು ಆರುತ್ತ ಆರುತ್ತ ಒಳಗಿನ ಶಾಖವನ್ನು ಸೆಳೆದುಕೊಂಡು ಹೋಗುತ್ತದೆ. ನಮ್ಮ ಮಣ್ಣಿನ ಹೂಜಿ ಬೆವರಿ ನೀರನ್ನು ತಂಪಾಗಿಡುವುದೂ ಇದೇ ನ್ಯಾಯದಿಂದ.

ಇನ್ನು ಲೋಹದ ಮಾತು. ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲಿನಷ್ಟು ಮಾತ್ರ ತೂಗುತ್ತದೆ. ಶಾಖವನ್ನು ಬೇಗ ಹರಡುತ್ತದೆ. ಭಾರತದಲ್ಲಿ ಅದರ ಪಾತ್ರೆಗಳ ಕೈಗಾರಿಕೆಗೆ 1898ರಲ್ಲಿ ಮದರಾಸಿನ ಸ್ಕೂಲ್ ಆಫ್ ಆರ್ಟ್ಸಿನಲ್ಲಿ ಮೊದಲು ಹಾಕಿದವರು ಆಲ್ಫ್ರೆಡ್ ಚಾಟರ್ಟನ್. ಮುಂದೆ ಅವರೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಹಗುರವೆಂಬ ಒಂದು ಗುಣಕ್ಕೆ ಮರುಳಾಗಿ ನಾವು ಒಂದು ದೋಷವನ್ನು ಮರೆಯಬಾರದು. ಹುಳಿ ಈ ಲೋಹವನ್ನು ಕರಗಿಸುತ್ತದೆ. ಆದುದರಿಂದ ಪುಳಿಯೋಗರೆಯನ್ನೂ ಮೊಸರನ್ನವನ್ನೂ ಅಲ್ಯೂಮಿನಿಯಂ ಮೆಸ್ ಟಿನ್ನಿನಲ್ಲಿ ತುಂಬಿ ದಿನವೆಲ್ಲ ಹೊರುವುದು ಸರಿಯಲ್ಲ. ಉಪ್ಪಿಟ್ಟು, ಅನ್ನ, ಗಂಜಿ ಇವುಗಳಿಗೆ ಅಡ್ಡಿಯಿಲ್ಲ.

ಕೊಳ್ಳುವವರು ಗಮನಿಸಬೇಕಾದ ಅಂಶಗಳು ಕೆಲವುಂಟು. ಮೊದಲು ಬಾಟಲಿಯನ್ನು ಮೂಸಿ ನೋಡಿ; ಸೀಮೆಎಣ್ಣೆಯ ವಾಸನೆಯಿದ್ದರೆ ಅಲ್ಲಿಯೇ ಬಿಟ್ಟುಬಿಡಿ. ಟಾರ್ಚಿನ ಬೆಳಕನ್ನು ಒಳಕ್ಕೆ ಬಿಟ್ಟು ನೋಡಿ. ಎನಾಮಲ್ ಚಕ್ಕೆಯೆದ್ದು ತುಕ್ಕು ಕಂಡರೆ ಅದು ಕುಡಿಯುವ ಪಾತ್ರೆಯಲ್ಲ. ಬಹಳ ಹಳೆಯ ತಗಡಿನ ಪಾತ್ರೆಯ ಒಳಗೆ ಬೂದುಬಣ್ಣದ ಬೆಸುಗೆಯಿದ್ದರೆ ಅದರಲ್ಲಿ ಸೀಸವಿರುವ ಸಂಭವವುಂಟು. ಅಂಥದು ಗೂಡಿನಲ್ಲಿ ಅಂದವಾಗಿರಲಿ, ಅಡಿಗೆಗೆ ಬೇಡ. ಮನೆಗೆ ತಂದ ಬಾಟಲಿಯಲ್ಲಿ ನೀರು ತುಂಬಿ, ಬಿರಡೆಯನ್ನು ಬಿಗಿದು, ಕಾಗದದ ಮೇಲೆ ತಲೆಕೆಳಗಾಗಿ ಒಂದು ರಾತ್ರಿ ಇಡಿ. ನಾನು ಈ ಒಂದು ಕೆಲಸವನ್ನು ಮಾಡಿದ್ದರೆ ಹುಡುಗರ ಮುಂದೆ ನಗೆಗೀಡಾಗುತ್ತಿರಲಿಲ್ಲ. ಎನಾಮಲ್ ಮತ್ತು ಉಕ್ಕಿನ ಬಾಟಲಿಗಳನ್ನು ಅಡಿಗೆ ಸೋಡ ಬೆರೆಸಿದ ಬಿಸಿನೀರಿನಿಂದ ತೊಳೆಯಬಹುದು. ಅಲ್ಯೂಮಿನಿಯಮ್ಮಿಗೆ ಸೋಡ ಸಲ್ಲದು, ಸಾಬೂನು ಸಾಕು. ಮತ್ತೊಂದು ಮಾತು: ಪಾತ್ರೆಯಿದೆಯೆಂದು ಕಂಡಕಂಡಲ್ಲಿ ಒಲೆ ಹೂಡಬಾರದು. ಚಾಮುಂಡಿ ಬೆಟ್ಟ ಮೀಸಲು ಅರಣ್ಯ. ಅಲ್ಲಿಗೆ ಕಟ್ಟಿದ ಬುತ್ತಿಯೇ ಯೋಗ್ಯ. ಮನೆಯಲ್ಲಿ ಗಟ್ಟಿಯಾದ ಸ್ಟೀಲ್ ಡಬ್ಬಿಯೂ ಬಾಟಲಿಯೂ ಇದ್ದವರು ಹಳೆಯದೆಂಬ ಮೋಹಕ್ಕೆ ಹಣ ಸುರಿಯಬೇಕಾಗಿಯೂ ಇಲ್ಲ.

ಅಂದು ನಂದಿಯ ಬಳಿ ನನ್ನ ಬಾಟಲಿ ಬರಿದಾದಾಗ ಹುಡುಗರಲ್ಲೊಬ್ಬನು ತನ್ನದನ್ನು ಮುಂದೆ ಚಾಚಿದನು. ಅದು ಅವನ ತಾತನದು. ಒಂದೇ ಬಾಟಲಿ ಐವರ ತುಟಿಗೂ ಮುಟ್ಟಿತು. ಸಂಜೆ ಇಳಿದು ಬಂದು, ಸೈನ್ಯದಿಂದ ನಿವೃತ್ತರಾದ ಆ ಹಿರಿಯರ ಮನೆಯ ಜಗಲಿಯ ಮೇಲೆ ಕುಳಿತು ಈ ಸಂಗತಿಯನ್ನು ಹೇಳಿದೆನು. ನಾನು ಅವರನ್ನು ದೊಡ್ಡಪ್ಪ ಎಂದೇ ಕರೆಯುವುದು. ಅವರು ಬಾಟಲಿಯನ್ನು ಕೈಗೆ ತೆಗೆದುಕೊಂಡು, ತಳದಲ್ಲಿ ಮೊಳೆಯಿಂದ ಕೆತ್ತಿದ್ದ ತಮ್ಮ ಸಂಖ್ಯೆಯ ಮೇಲೆ ಬೆರಳಾಡಿಸಿದರು.

“ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ನಮಗೆ ನೀರನ್ನ ಮೇಲಿಂದ ಹುಯ್ಯೋರು ಕಣಪ್ಪ, ಬೊಗಸೆ ಒಡ್ಡಿ ಕುಡಿಯಬೇಕಿತ್ತು. ಚೊಂಬು ಮುಟ್ಟೋ ಹಾಗಿರಲಿಲ್ಲ. ದಂಡಿಗೆ ಸೇರಿದ ದಿವಸ ಇದನ್ನ ಕೊಟ್ಟರು. ಒಂದು ಸಲ ನಡಿಗೆಯಲ್ಲಿ ಪಕ್ಕದವನ ನೀರು ಮುಗಿದುಹೋಯ್ತು. ಯಾವ ಜಾತಿಯೋ, ಯಾವ ಊರೋ, ನನ್ನ ಬಾಟಲಿ ಇಸಕೊಂಡು ಕಚ್ಚಿ ಕುಡಿದ. ಅವತ್ತು ಬಾಯಾರಿಕೆ ತೀರಿದ್ದು ಅವನದಲ್ಲ, ನನ್ನದು,” ಎಂದರು.

ನಾನು ಉತ್ತರವನ್ನು ಕೊಡಲಿಲ್ಲ. ಸಂವಿಧಾನವು 1950ರಲ್ಲಿಯೇ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ದೊಡ್ಡಪ್ಪನವರ ಬೊಗಸೆಗೆ ಅದು ಬಂದು ಮುಟ್ಟಲು ಮತ್ತಷ್ಟು ವರ್ಷಗಳು ಹಿಡಿದುವು. ಇಂದಿಗೂ ಎಲ್ಲ ಊರುಗಳಿಗೂ ಅದು ಮುಟ್ಟಿದೆಯೆಂದು ಹೇಳಲು ನನಗೆ ಧೈರ್ಯವಿಲ್ಲ.

ಆದುದರಿಂದ ತಮ್ಮ ಮಕ್ಕಳನ್ನು ಬೆಟ್ಟಕ್ಕೆ ಕಳುಹಿಸುವಾಗ ಸೋರದ ಬಾಟಲಿಯನ್ನು ಕೊಡಿ. ಅದರಲ್ಲಿ ಅವರಿಗೆ ಬೇಕಾದುದಕ್ಕಿಂತ ಒಂದು ಲೋಟದಷ್ಟು ಹೆಚ್ಚು ನೀರಿರಲಿ. ದಾರಿಯಲ್ಲಿ ಯಾರಾದರೂ ಕೇಳಿದರೆ ನೀರನ್ನು ಮೇಲಿನಿಂದ ಹುಯ್ಯದೆ ಬಾಟಲಿಯನ್ನೇ ಕೈಗೆ ಕೊಡಬೇಕೆಂದೂ ಹೇಳಿ ಕಳುಹಿಸಿ.