ಸಾಲ ಕೊಡುವ ಕೈ ಯಾರದು?

(ಸಹಕಾರ ಸಂಘಗಳ ಸದಸ್ಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಹಕಾರದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಒಗ್ಗಟ್ಟಿನ ಮಹಿಮೆಯಿಂದ ಆರಂಭಿಸುತ್ತಾರೆ. ನಾನು ಒಂದು ವ್ಯಾವಹಾರಿಕ ಪ್ರಶ್ನೆಯಿಂದ ಆರಂಭಿಸುತ್ತೇನೆ. ಒಂದು ಊರಿನ ಜನ ಉಳಿಸಿದ ಹಣ ಎಲ್ಲಿಗೆ ಹೋಗಬೇಕು, ಯಾರ ಕೈಗೆ ಸಾಲವಾಗಿ ಸೇರಬೇಕು ಎಂದು ತೀರ್ಮಾನಿಸುವವರು ಯಾರು? ಆ ಊರಿನಲ್ಲಿ ಯಾರು ಬಾವಿ ತೋಡಿಸುತ್ತಾರೆ, ಯಾರು ಅಂಗಡಿ ತೆರೆಯುತ್ತಾರೆ, ಯಾರು ಜಮೀನು ಮಾರಿಕೊಳ್ಳುತ್ತಾರೆ ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ನೂರೈವತ್ತು ವರ್ಷಗಳ ಹಿಂದೆ ನಮ್ಮ ಹಳ್ಳಿಗಳಲ್ಲಿ ಈ ತೀರ್ಮಾನ ಸಾಹುಕಾರನದಾಗಿತ್ತು. 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ದಂಗೆಯೆದ್ದರು. ಅವರು ಮುಖ್ಯವಾಗಿ ಹುಡುಕಿದ್ದು ಸಾಹುಕಾರರ ಹಣವನ್ನಲ್ಲ, ಸಾಲಪತ್ರಗಳನ್ನು. ಸಿಕ್ಕಲ್ಲಿ ಅವನ್ನು ಸುಟ್ಟುಹಾಕಿದರು. 1879ರಲ್ಲಿ ಸರ್ಕಾರ ರೈತರ ರಕ್ಷಣೆಗೆಂದು ಕಾಯ್ದೆ ತಂದಿತು. ಆದರೆ ಕಾಯ್ದೆ ಸಾಹುಕಾರನ ಕೈ ಹಿಡಿಯಬಲ್ಲದೇ ಹೊರತು, ಬಿತ್ತನೆಯ ಕಾಲಕ್ಕೆ ರೈತನ ಕೈಗೆ ದುಡ್ಡು ಕೊಡಲಾರದು. ಸಾಲಪತ್ರ ಸುಟ್ಟ ರೈತನೇ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಾಗಿತ್ತು.

ಹಾಗಾದರೆ ಸಾಹುಕಾರನ ಜಾಗದಲ್ಲಿ ಯಾರನ್ನು ಕೂರಿಸುವುದು? ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ಗ್ರಾಮೀಣ ಬ್ಯಾಂಕುಗಳನ್ನು ಅಭ್ಯಸಿಸಿ 1890ರ ದಶಕದಲ್ಲಿ ವರದಿ ಕೊಟ್ಟರು. ಅವರ ಮನಸ್ಸನ್ನು ಸೆಳೆದ ಮಾದರಿ ಜರ್ಮನಿಯ ರೈಫೈಸನ್ ಅವರದು. ಅದರ ತತ್ವ ಸರಳ. ಒಬ್ಬ ಬಡ ರೈತನಿಗೆ ಅಡವಿಡಲು ಏನೂ ಇಲ್ಲ. ಆದ್ದರಿಂದ ಬ್ಯಾಂಕು ಅವನನ್ನು ನಂಬುವುದಿಲ್ಲ. ಆದರೆ ಅದೇ ಊರಿನ ಹತ್ತಾರು ಕುಟುಂಬಗಳು ಒಟ್ಟಾಗಿ ಹೊಣೆ ಹೊತ್ತರೆ ಆ ಹೊಣೆಯೇ ಅಡಮಾನವಾಗುತ್ತದೆ. ಯಾರು ದುಡಿಮೆಗಾರ, ಯಾರು ಸಾಲ ತೀರಿಸುವವನು ಎಂಬುದು ದೂರದ ಬ್ಯಾಂಕಿಗೆ ತಿಳಿಯದು. ನೆರೆಮನೆಯವರಿಗೆ ಚೆನ್ನಾಗಿ ತಿಳಿದಿರುತ್ತದೆ.

1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಕರ್ನಾಟಕದ ಸಹಕಾರ ಚಳವಳಿಯ ತವರು ಎಂದು ಇಂದಿಗೂ ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಈ ಊರನ್ನೇ.

ಹೆಮ್ಮೆಯ ಜೊತೆಗೆ ಲೆಕ್ಕವನ್ನೂ ನೋಡಬೇಕು. ಕಣಗಿನಹಾಳದ ಸಂಘ ಹುಟ್ಟಿ ಸುಮಾರು ಅರ್ಧ ಶತಮಾನದ ಬಳಿಕ, 1951–52ರಲ್ಲಿ, ರಿಸರ್ವ್ ಬ್ಯಾಂಕು ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆಸಿತು. ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ. 3ರಷ್ಟು ಮಾತ್ರ, ವಾಣಿಜ್ಯ ಬ್ಯಾಂಕುಗಳ ಪಾಲು ಶೇ. 1ನ್ನೂ ಮುಟ್ಟಿರಲಿಲ್ಲ. ಸುಮಾರು ಶೇ. 70 ಲೇವಾದೇವಿಗಾರರದೇ ಆಗಿತ್ತು. ಬಡವರೇ ಕೂಡಿ ಕಟ್ಟಿದ ಸಂಘದಲ್ಲಿ ಬಂಡವಾಳ ಕಡಿಮೆ. ಬೆಳೆ ಹೋದರೆ ಎಲ್ಲರಿಗೂ ಒಟ್ಟಿಗೇ ಹೋಗುತ್ತದೆ. ಅನೇಕ ಕಡೆ ಹಳ್ಳಿಯ ಪ್ರಬಲರೇ ಸಂಘದ ಆಡಳಿತವನ್ನೂ ಹಿಡಿದಿದ್ದರು. ಸಹಕಾರ ಸೋತಿದೆ ಎಂದು ಸಮೀಕ್ಷೆಯ ವರದಿ ಒಪ್ಪಿಕೊಂಡಿತು. ಆದರೆ ಅದನ್ನು ಕೈಬಿಡಿ ಎನ್ನಲಿಲ್ಲ. ಹಿಂದೆ ನಿಲ್ಲಲು ಸಾರ್ವಜನಿಕ ಬಂಡವಾಳ ಬೇಕು ಎಂದಿತು. 1955ರಲ್ಲಿ ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆದದ್ದು ಇದರ ಫಲ.

ಇದೇ ಕಾಲದಲ್ಲಿ ಕರಾವಳಿಯಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರಿಂದ ಕಾರ್ಪೊರೇಷನ್ ಬ್ಯಾಂಕು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು: ಒಂದೇ ಜಿಲ್ಲೆಯಿಂದ ಐದು ಬ್ಯಾಂಕುಗಳು! ಇವು ಸಹಕಾರಿಗಳಲ್ಲ, ಖಾಸಗಿ ಬ್ಯಾಂಕುಗಳೇ. ಆದರೆ ಸಣ್ಣವರ ಹಣವೂ ಹಣವೇ ಎಂಬುದನ್ನು ಇವು ಕಂಡುಕೊಂಡವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯೇ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಪಡೆಯುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದವರ ಬಳಿಗೆ ಬ್ಯಾಂಕೇ ನಡೆದು ಬಂತು.

ದೇಶದ ದೊಡ್ಡ ಬ್ಯಾಂಕುಗಳ ಕಥೆ ಹಾಗಿರಲಿಲ್ಲ. ಅವುಗಳ ಆಡಳಿತ ಮಂಡಳಿಗಳಲ್ಲಿ ದೊಡ್ಡ ಉದ್ಯಮ ಮನೆತನಗಳ ಪ್ರಭಾವವಿತ್ತು. ಸಾರ್ವಜನಿಕರ ಠೇವಣಿ ಉದ್ಯಮಕ್ಕೆ, ವ್ಯಾಪಾರಕ್ಕೆ ಸಾಲವಾಗಿ ಹೋಗುತ್ತಿತ್ತು. 1960ರ ದಶಕದ ಕೊನೆಯಲ್ಲಿ ಕೃಷಿಗೆ ಸಿಗುತ್ತಿದ್ದುದು ಒಟ್ಟು ಬ್ಯಾಂಕ್ ಸಾಲದ ಶೇ. 2ರ ಆಸುಪಾಸು. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. 1980ರಲ್ಲಿ ಇನ್ನೂ ಆರು ಬ್ಯಾಂಕುಗಳದಾಯಿತು. ಈ ಇಪ್ಪತ್ತರಲ್ಲಿ ನಾಲ್ಕು ನಮ್ಮ ದಕ್ಷಿಣ ಕನ್ನಡದಲ್ಲಿ ಹುಟ್ಟಿದವು. 1969ರಲ್ಲಿ ದೇಶದಲ್ಲಿದ್ದ ಬ್ಯಾಂಕ್ ಶಾಖೆಗಳು ಸುಮಾರು 8 ಸಾವಿರ. 1991ರ ಹೊತ್ತಿಗೆ ಸುಮಾರು 60 ಸಾವಿರ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗ್ರಾಮೀಣ ಶಾಖೆಗಳು. ಬರಿಯ ಲಾಭದ ಲೆಕ್ಕ ಹಾಕಿದ್ದರೆ ಈ ಶಾಖೆಗಳಲ್ಲಿ ಬಹಳಷ್ಟು ತೆರೆಯುತ್ತಲೇ ಇರಲಿಲ್ಲ.

ಸಾಲದ ಮಾತು ಇಷ್ಟಾಯಿತು. ಬೆಳೆದದ್ದನ್ನು ಮಾರುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ. ಕೊಳ್ಳುವವನು ಒಬ್ಬನೇ ಆದರೆ, ಅಥವಾ ಕೊಳ್ಳುವ ನಾಲ್ಕು ಮಂದಿ ಒಳಗೊಳಗೇ ಒಂದಾದರೆ, ಬೆಲೆ ಕಟ್ಟುವವನು ಬೆಳೆದವನಲ್ಲ. ಅಡಿಕೆ ಬೆಳೆಗಾರರಿಗೆ 1970ರ ದಶಕದ ಆರಂಭದಲ್ಲಿ ಬೆಲೆ ಕುಸಿದಾಗ ಇದರ ಬಿಸಿ ತಟ್ಟಿತು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದರು. ಮುಂದೆ ಕೊಕ್ಕೊ ಬೆಳೆಗೂ ಅದೇ ಗತಿ ಬಂತು. ಬೆಳೆಯಿರಿ ಎಂದು ಹುರಿದುಂಬಿಸಿದ ಖಾಸಗಿ ಕೊಳ್ಳುಗರು ಬೆಲೆ ಇಳಿದಾಗ ಹಿಂದೆ ಸರಿದರು. ಆಗ ಕ್ಯಾಂಪ್ಕೊ ಕೊಕ್ಕೊ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಹಕಾರಿಯು ಮಾರುಕಟ್ಟೆಯ ಅಡಿಕೆಯನ್ನೆಲ್ಲ ಕೊಳ್ಳಬೇಕಾಗಿಲ್ಲ. ಅದು ಒಂದು ಪಾಲು ಕೊಂಡರೂ ಸಾಕು. ಬೆಳೆಗಾರನಿಗೆ ಹೋಗಲು ಇನ್ನೊಂದು ಬಾಗಿಲಿದೆ ಎಂದು ತಿಳಿದ ಕೂಡಲೇ ಖಾಸಗಿ ವರ್ತಕನೂ ಬೆಲೆಯನ್ನು ಮನಬಂದಂತೆ ಇಳಿಸಲಾರ. ಸಂಘಕ್ಕೆ ಸದಸ್ಯನಾಗದವನಿಗೂ ಇದರ ಲಾಭ ಸಿಗುತ್ತದೆ. ಹಾಲಿನ ಸಂಘಗಳ ವಿಷಯದಲ್ಲೂ ಇದೇ ಮಾತು. ಹಳ್ಳಿಯ ಸಂಘ, ಜಿಲ್ಲಾ ಒಕ್ಕೂಟ, ರಾಜ್ಯ ಮಹಾಮಂಡಳ ಎಂಬ ಮೂರು ಹಂತದ ವ್ಯವಸ್ಥೆಯಿಂದಾಗಿ ಒಂದೇ ಹಸು ಕಟ್ಟಿದವರೂ ದೊಡ್ಡ ಡೇರಿಯ ಪಾಲುದಾರರು.

ಕಂಪನಿಗೂ ಸಹಕಾರಿಗೂ ಇರುವ ಮೂಲ ವ್ಯತ್ಯಾಸ ಮತದ ಲೆಕ್ಕದಲ್ಲಿದೆ. ಕಂಪನಿಯಲ್ಲಿ ಸಾಮಾನ್ಯವಾಗಿ ಷೇರಿಗೊಂದು ಮತ. ಸಹಕಾರಿಯಲ್ಲಿ ತಲೆಗೊಂದು ಮತ. ಹತ್ತು ಎಕರೆಯವನಿಗೂ ಅರ್ಧ ಎಕರೆಯವನಿಗೂ ಒಂದೇ ಮತ. ಹಣಕ್ಕೆ ಇರುವ ಗೌರವವನ್ನು ಮನುಷ್ಯನಿಗೆ ಕೊಡುವ ಏರ್ಪಾಡು ಇದು.

ಇಷ್ಟೆಲ್ಲ ಹೇಳಿದ ಮೇಲೆ ಕಹಿ ಮಾತನ್ನೂ ಹೇಳಬೇಕು. ಸಾರ್ವಜನಿಕ ಒಡೆತನ ಎಂದ ಮಾತ್ರಕ್ಕೆ ಸಾರ್ವಜನಿಕ ಹಿತ ಕಾಪಾಡಿದಂತಲ್ಲ. 2018ರ ಮಾರ್ಚ್‌ನಲ್ಲಿ ಸರ್ಕಾರಿ ಬ್ಯಾಂಕುಗಳ ಒಟ್ಟು ಸಾಲದಲ್ಲಿ ಸುಮಾರು ಶೇ. 14.6 ವಸೂಲಾಗದ ಸಾಲವಾಗಿತ್ತು. ಅದರಲ್ಲಿ ಬಹುಪಾಲು ರೈತರದಲ್ಲ, ದೊಡ್ಡ ಸಾಲಗಾರರದು. ಯಾವ ಹಿಡಿತದಿಂದ ತಪ್ಪಿಸಲೆಂದು ಬ್ಯಾಂಕುಗಳನ್ನು ರಾಷ್ಟ್ರೀಕರಿಸಲಾಯಿತೋ ಅದೇ ಹಿಡಿತ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತ್ತು. ಸಹಕಾರಿ ಬ್ಯಾಂಕುಗಳೂ ಇದಕ್ಕೆ ಹೊರತಲ್ಲ. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ, ಅದರ ಸಾಲದ ಬಹುಭಾಗ ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಹೋಗಿದ್ದುದು ಬಯಲಾಯಿತು. ಜೀವಮಾನದ ಉಳಿತಾಯ ಇಟ್ಟವರು ಸಾವಿರ ರೂಪಾಯಿಗೆ ಸಾಲುಗಟ್ಟಿ ನಿಂತರು. ಆ ಬಳಿಕ, 2020ರಲ್ಲಿ, ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿನ ಅಧಿಕಾರವನ್ನು ಹೆಚ್ಚಿಸಲಾಯಿತು. ಠೇವಣಿ ವಿಮೆಯನ್ನು 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿದೆ. 1913ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಹೆಸರು ಅಳಿಯಿತು. ಕೆನರಾ ಬ್ಯಾಂಕು, ಸಿಂಡಿಕೇಟನ್ನು ಸೇರಿಸಿಕೊಂಡು, ತನ್ನ ಹೆಸರಿನಲ್ಲೇ ಉಳಿದಿದೆ. ಹೆಸರು ಹೋದದ್ದಕ್ಕೆ ಬೇಸರಪಡುವುದು ಸಹಜ. ಆದರೆ ಅದಕ್ಕಿಂತ ದೊಡ್ಡ ಸಂಗತಿ, ಊರನ್ನು ಬಲ್ಲವರು ಮಾಡುತ್ತಿದ್ದ ತೀರ್ಮಾನ ದೂರದ ಕೇಂದ್ರ ಕಚೇರಿಗೆ ಹೋಗುವುದು. ಬ್ಯಾಂಕು ದೊಡ್ಡದಾದಷ್ಟೂ ಅದಕ್ಕೆ ದೊಡ್ಡ ಸಾಲಗಾರನೇ ಅನುಕೂಲ. ಸಾವಿರ ಸಣ್ಣ ಸಾಲಗಳಿಗಿಂತ ಒಂದು ದೊಡ್ಡ ಸಾಲದ ಕಾಗದಪತ್ರ ಸುಲಭ.

ಹಾಗಾದರೆ ನಾವು ಮಾಡಬಹುದಾದ್ದೇನು? ಮೊದಲನೆಯದು, ನಮ್ಮ ಸಂಘದ ವಾರ್ಷಿಕ ಮಹಾಸಭೆಗೆ ಹೋಗುವುದು. ಊಟಕ್ಕೆ ಮಾತ್ರವಲ್ಲ, ಲೆಕ್ಕಪರಿಶೋಧನೆಯ ವರದಿ ಕೇಳುವುದಕ್ಕೆ. ನಿರ್ದೇಶಕರಿಗೆ, ಅವರ ಬಂಧುಗಳಿಗೆ ಎಷ್ಟು ಸಾಲ ಹೋಗಿದೆ ಎಂಬ ಒಂದೇ ಪ್ರಶ್ನೆ ಅನೇಕ ಸಂಘಗಳನ್ನು ಉಳಿಸಬಲ್ಲದು. ಎರಡನೆಯದು, ನಮ್ಮ ಜಿಲ್ಲೆಯ ಬ್ಯಾಂಕುಗಳಲ್ಲಿ ಇಟ್ಟ ಪ್ರತಿ ನೂರು ರೂಪಾಯಿ ಠೇವಣಿಗೆ ಎಷ್ಟು ರೂಪಾಯಿ ಇಲ್ಲೇ ಸಾಲವಾಗಿ ಸಿಗುತ್ತಿದೆ ಎಂದು ವಿಚಾರಿಸುವುದು. ಈ ಲೆಕ್ಕ ರಹಸ್ಯವೇನಲ್ಲ. ಲೀಡ್ ಬ್ಯಾಂಕಿನ ಜಿಲ್ಲಾ ಮಟ್ಟದ ಸಭೆಗಳಲ್ಲಿ ಅದರ ಪರಿಶೀಲನೆ ನಡೆಯುತ್ತದೆ. ಮೂರನೆಯದು, ಸಂಘ ಕಷ್ಟದಲ್ಲಿದ್ದಾಗ ನಾಲ್ಕು ಕಾಸು ಹೆಚ್ಚು ಬೆಲೆಗೆ ಬೆಳೆಯನ್ನು ಹೊರಗೆ ಮಾರುವ ಮುನ್ನ, ಸಂಘವೇ ಇಲ್ಲದಿದ್ದರೆ ನಾಳೆ ಬೆಲೆ ಏನಾದೀತು ಎಂದು ಯೋಚಿಸುವುದು.

ಕಾಯ್ದೆ, ಬಂಡವಾಳ, ತಪಾಸಣೆ ಎಲ್ಲವನ್ನೂ ಸರ್ಕಾರ ಕೊಡಬಹುದು. ಆದರೆ ಸದಸ್ಯ ಬರಿಯ ಗಿರಾಕಿಯಾಗಿ ಉಳಿದರೆ ಸಂಘವನ್ನು ಯಾರೂ ಉಳಿಸಲಾರರು. ಕಣಗಿನಹಾಳದವರು ಸಂಘ ಕಟ್ಟಿದ್ದು ಅಗ್ಗದ ಸಾಲಕ್ಕಾಗಿ ಮಾತ್ರವಲ್ಲ, ತಮ್ಮ ಊರಿನ ಹಣದ ಬಗ್ಗೆ ತೀರ್ಮಾನಿಸುವ ಅಧಿಕಾರ ಊರಿನಲ್ಲೇ ಇರಲಿ ಎಂಬುದಕ್ಕಾಗಿ ಕೂಡ ಎಂದು ನಾನು ತಿಳಿದಿದ್ದೇನೆ. ಆ ಅಧಿಕಾರವನ್ನು ಚಲಾಯಿಸುವುದು ಈಗ ನಿಮ್ಮ ಪಾಲಿಗೆ ಬಂದ ಕೆಲಸ.