ಶಾಸಕಧರ್ಮ: ಶಾಂತವೇರಿ ಗೋಪಾಲಗೌಡರ ಜೀವನ
(ಉಪನ್ಯಾಸ)



ಅಧಿಕಾರಪದವಿಯನ್ನೇರಿದವರನ್ನು ಲೋಕವು ತಾನಾಗಿಯೇ ಕೊಂಡಾಡುವುದು. ಆದರೆ ಮಂತ್ರಿಪದವಿಯನ್ನು ಒಂದು ದಿನವೂ ಅನುಭವಿಸದೆ, ವಿರೋಧಪಕ್ಷದ ಪೀಠದಲ್ಲಿಯೇ ಕುಳಿತು ಬಡವರ ಪರವಾಗಿ ವಾದಿಸಿದವರ ಚರಿತ್ರೆಯು ಹೆಚ್ಚು ವಿಚಾರಾರ್ಹವಾದುದು. ಶಾಂತವೇರಿ ಗೋಪಾಲಗೌಡರು ಅಂತಹವರು.

ಇವರು 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಜನಿಸಿದರು. ವಿದ್ಯಾರ್ಥಿದಶೆಯಲ್ಲಿಯೇ 1942ರ ಚಳವಳಿಯನ್ನು ಸೇರಿ ಸೆರೆಮನೆಯನ್ನು ಕಂಡರು. ಅನಂತರ ಸಮಾಜವಾದಿ ಪಕ್ಷದ ಮುಖಂಡರಾದರು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹವು ನಡೆಯಿತು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿಯ ವಿವಾದದ ಮೂಲ. ಉತ್ತು ಬೆಳೆದವನ ಮನೆಗೆ ಎಷ್ಟು ಕಾಳು ಉಳಿಯುವುದೆಂಬುದು ಆ ಅಳತೆಯನ್ನೇ ಅವಲಂಬಿಸಿದ್ದಿತು. ಗಣಪತಿಯಪ್ಪನವರು ಸಂಘಟಿಸಿದ ಆ ರೈತರ ಬೆಂಬಲಕ್ಕೆ ಗೋಪಾಲಗೌಡರು ನಿಂತರು. ಡಾಕ್ಟರ್ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು.

ಮರುವರ್ಷ, 1952ರ ಪ್ರಥಮ ಮಹಾಚುನಾವಣೆಯಲ್ಲಿ ಗೋಪಾಲಗೌಡರು ಸ್ಪರ್ಧಿಸಿದರು. ಧನಬಲವಿಲ್ಲದ ಅವರು ಜನರನ್ನು ಬೇಡಿದುದು ಒಂದು ಓಟು, ಒಂದು ನೋಟು. ಮತದಾರನಿಗೆ ಹಣ ಹಂಚುವುದಕ್ಕೆ ಬದಲಾಗಿ ಮತದಾರನಿಂದಲೇ ಹಣ ಪಡೆದು ಗೆದ್ದ ಶಾಸಕನು ಆ ಮತದಾರನಿಗೊಬ್ಬನಿಗೇ ಋಣಿ. ಇನ್ನಾರ ಹಂಗೂ ಅವನಿಗಿಲ್ಲ. ಸಭೆಯಲ್ಲಿ ಅವರ ಮಾತಿಗಿದ್ದ ನಿರ್ಭೀತಿಗೆ ಇದೇ ಆಧಾರವೆನ್ನಬೇಕು.

1957ರಲ್ಲಿ ಅವರಿಗೆ ಸೋಲಾಯಿತು. ಸೋತರೂ ಪಕ್ಷವನ್ನು ಬಿಟ್ಟು ಅಧಿಕಾರದ ನೆರಳನ್ನು ಅರಸಿ ಹೋಗಲಿಲ್ಲ. 1962ರಲ್ಲಿಯೂ 1967ರಲ್ಲಿಯೂ ಜನರು ಅವರನ್ನು ಮತ್ತೆ ಆರಿಸಿ ಕಳುಹಿಸಿದರು. ಭೂಮಿಯು ಉಳುವವನದಾಗಬೇಕೆಂದೂ, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೇ ಬರಬೇಕೆಂದೂ ಅವರು ವಾದಿಸಿದರು. ಸಂಖ್ಯಾಬಲವಿಲ್ಲದ ಪಕ್ಷದವರಾದುದರಿಂದ ಶಾಸನವನ್ನು ಮಾಡುವ ಶಕ್ತಿಯು ಅವರ ಕೈಯಲ್ಲಿರಲಿಲ್ಲ. ಕೇಳುತ್ತಲೇ ಇರುವ ಹಕ್ಕು ಮಾತ್ರ ಇದ್ದಿತು. ಅದನ್ನು ಅವರು ಕೈಬಿಡಲಿಲ್ಲ.

1972ರ ಜೂನ್ ತಿಂಗಳಲ್ಲಿ, ಐವತ್ತು ವರ್ಷವೂ ತುಂಬದ ವಯಸ್ಸಿನಲ್ಲಿ, ಅವರು ಕಾಲವಶರಾದರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ನಾಮಕರಣವಾಯಿತು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ಶಾಸನವು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ಭೂನ್ಯಾಯಮಂಡಳಿಗೆ ಅರ್ಜಿಯಿತ್ತು ಉಳುವ ಭೂಮಿಗೆ ಹಕ್ಕುದಾರರಾಗುವ ಮಾರ್ಗವು ತೆರೆಯಿತು. ಆ ಎರಡು ದಿನಗಳಲ್ಲಿ ಒಂದನ್ನೂ ಅವರು ಕಾಣಲಿಲ್ಲ.

ಈ ಫಲಗಳು ಒಬ್ಬರ ದುಡಿಮೆಯಿಂದಲೇ ಬಂದುವೆಂದು ಹೇಳುವುದು ಸಲ್ಲದು. ಅನೇಕ ರೈತರ, ಕಾರ್ಯಕರ್ತರ ಶ್ರಮವೂ, ಶಾಸನ ಮಾಡಿದವರ ಸಂಕಲ್ಪವೂ ಅದರಲ್ಲಿ ಕೂಡಿವೆ. ಆದರೆ ಸಭೆಯಲ್ಲಿ ಕೇಳುವವನೇ ಇಲ್ಲದಿದ್ದರೆ ಕೊಡುವವನಿಗೆ ನೆನಪಾಗುವುದು ದುರ್ಲಭ. ಆದುದರಿಂದ ಮತ ನೀಡುವ ಮಹಾಜನರು ಶಾಸಕನು ಏರಿದ ಪದವಿಯನ್ನು ಎಣಿಸದೆ, ಅವನು ಯಾರ ಋಣದಲ್ಲಿ ನಿಂತು ಮಾತನಾಡುವನೆಂಬುದನ್ನು ವಿಚಾರಿಸಿ ನೋಡುವುದು ಯುಕ್ತವು.